ಅಂತರ್ಯುದ್ಧಪೂರ್ವ ಅಮೆರಿಕದ ಮಾರುಕಟ್ಟೆ: ಟಿಪ್ಪಣಿಯಲ್ಲಿರುವ ತ್ರಿಕೋನ ಎಷ್ಟು ನಿಜ?

ಗೂಡಿನ ಮನೆ, ಶಿಡ್ಲಘಟ್ಟ (ಪ್ರಶ್ನೆ)

ಮಾನ್ಯರೇ,

ನಾನು ಇತಿಹಾಸದ ಎಂ.ಎ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. 1815ರಿಂದ 1860ರ ನಡುವೆ ಅಮೆರಿಕದ ಪ್ರಾದೇಶಿಕ ಆರ್ಥಿಕತೆಗಳು ಕೂಡಿ ಒಂದು ರಾಷ್ಟ್ರೀಯ ಮಾರುಕಟ್ಟೆಯಾದದ್ದು ಹೇಗೆ ಎಂಬ ವಿಷಯದ ಮೇಲೆ ನಾನೊಂದು ಪ್ರಬಂಧವನ್ನು ಒಪ್ಪಿಸಬೇಕಾಗಿದೆ. ತರಗತಿಯ ಟಿಪ್ಪಣಿಯಲ್ಲಿ ಇದಕ್ಕೆ ಒಂದು ತ್ರಿಕೋನವನ್ನು ಬರೆದು ವಿಷಯವನ್ನು ಮುಗಿಸಲಾಗಿದೆ. ದಕ್ಷಿಣದವರು ಹತ್ತಿಯನ್ನು ಹೊರದೇಶಕ್ಕೆ ಮಾರಿ, ಆ ಹಣದಿಂದ ಪಶ್ಚಿಮದ (ಅಂದರೆ ಬೆಟ್ಟಸಾಲಿನಾಚೆಯ ಒಹಾಯೋ, ಇಲಿನಾಯ್ ಮೊದಲಾದ ರಾಜ್ಯಗಳ) ಮೆಕ್ಕೆಜೋಳವನ್ನೂ ಹಂದಿಮಾಂಸವನ್ನೂ ಕೊಂಡರು; ಪಶ್ಚಿಮದ ರೈತರು ಹಾಗೆ ಬಂದ ಹಣದಿಂದ ಈಶಾನ್ಯದ ಬಟ್ಟೆಯನ್ನೂ ಉಪಕರಣಗಳನ್ನೂ ಕೊಂಡರು; ಹೀಗೆ ಹತ್ತಿಯ ಹಣ ಮೂರೂ ಪ್ರದೇಶಗಳನ್ನು ಸುತ್ತಿ ದೇಶವನ್ನು ಒಂದು ಮಾಡಿತು ಎಂಬುದು ಅದರ ಸಾರ.

ನನಗೆ ಇದರಲ್ಲಿ ಎರಡು ಕಡೆ ತೊಡಕು ಕಾಣುತ್ತಿದೆ. ಮೊದಲನೆಯದು ನಮ್ಮ ಮನೆಯ ಅನುಭವದಿಂದ ಹುಟ್ಟಿದ್ದು. ನಾವು ಹಿಪ್ಪುನೇರಳೆ ಬೆಳೆದು ಹುಳು ಸಾಕುವವರು. ಗೂಡನ್ನು ಮಾರುಕಟ್ಟೆಗೆ ಒಯ್ದು ರೀಲರುಗಳಿಗೆ ಮಾರುತ್ತೇವೆ. ನೂಲು ಎಲ್ಲಿಗೆ ಹೋಗುತ್ತದೆಂಬುದೂ ನಮಗೆ ತಿಳಿಯುವುದಿಲ್ಲ. ಹಾಗಿದ್ದರೂ ನಮ್ಮ ತಂದೆಯವರು ಒಂದು ವರ್ಷವೂ ರಾಗಿ ಬಿತ್ತುವುದನ್ನು ಬಿಟ್ಟಿಲ್ಲ. ಹೀಗಿರುವಾಗ ಹತ್ತಿ ಬೆಳೆಯುವವನು ತನ್ನ ಊಟದ ಧಾನ್ಯವನ್ನೆಲ್ಲ ನೂರಾರು ಮೈಲಿ ದೂರದಿಂದ ತರಿಸಿಕೊಂಡನೆಂದರೆ ನಂಬುವುದು ಹೇಗೆ? ಎರಡನೆಯದು ನಕ್ಷೆಯನ್ನು ನೋಡಿದಾಗ ಬಂದದ್ದು. ಒಹಾಯೋ ಮತ್ತು ಮಿಸಿಸಿಪಿ ನದಿಗಳ ನೀರು ಕೊನೆಗೆ ದಕ್ಷಿಣದ ನ್ಯೂ ಆರ್ಲಿಯನ್ಸಿಗೆ ಇಳಿಯುತ್ತದೆ. ಸರಕೂ ನೀರಿನೊಂದಿಗೆ ಇಳಿದಿರಬೇಕು. ಆದರೆ 1861ರಲ್ಲಿ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಆರಂಭವಾದ ಅಂತರ್ಯುದ್ಧದ ವೇಳೆಗೆ ಪಶ್ಚಿಮವು ನ್ಯೂಯಾರ್ಕಿನ ಜೊತೆಗಿತ್ತೇ ಹೊರತು ನ್ಯೂ ಆರ್ಲಿಯನ್ಸಿನ ಜೊತೆಗಲ್ಲ. ಈ ದಿಕ್ಕು ಯಾವಾಗ, ಯಾವ ಕಾರಣದಿಂದ ತಿರುಗಿತು? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ನಿವೃತ್ತ ಅಧ್ಯಾಪಕ, ತುಮಕೂರು

ನಿಮ್ಮ ತಂದೆಯವರ ರಾಗಿ ಹೊಲದಿಂದ ಹುಟ್ಟಿದ ಸಂದೇಹ ಅರ್ಥಶಾಸ್ತ್ರಜ್ಞರ ನಡುವೆ ನಡೆದ ಒಂದು ದೊಡ್ಡ ಚರ್ಚೆಯ ನಡುಮಧ್ಯಕ್ಕೇ ಹೋಗಿ ನಿಂತಿದೆ. ನಿಮ್ಮ ಟಿಪ್ಪಣಿಯ ತ್ರಿಕೋನಕ್ಕೆ ಬಲವಾದ ರೂಪ ಕೊಟ್ಟವರು ಡಗ್ಲಾಸ್ ನಾರ್ತ್; 1961ರಲ್ಲಿ ಅವರು ಮಂಡಿಸಿದ ವಾದದಲ್ಲಿ ಹತ್ತಿಯ ರಫ್ತೇ ಇಡೀ ದೇಶದ ಬೆಳವಣಿಗೆಯನ್ನು ಎಳೆದ ಎಂಜಿನ್ನು. ಕೆಲವೇ ವರ್ಷಗಳಲ್ಲಿ ಆಲ್ಬರ್ಟ್ ಫಿಶ್ಲೋ ಎಂಬ ಇನ್ನೊಬ್ಬ ಅರ್ಥಶಾಸ್ತ್ರಜ್ಞರು ನ್ಯೂ ಆರ್ಲಿಯನ್ಸಿಗೆ ಬಂದಿಳಿದ ಸರಕಿನ ಲೆಕ್ಕವನ್ನು ಬಿಡಿಸಿ ನೋಡಿದರು. ಪಶ್ಚಿಮದಿಂದ ಬಂದ ಧಾನ್ಯ ಮತ್ತು ಮಾಂಸದ ಬಹುಪಾಲು ದಕ್ಷಿಣದವರ ತಟ್ಟೆಗೆ ಹೋಗಿರಲಿಲ್ಲ. ಅಲ್ಲಿಂದ ಹಡಗೇರಿ ಪೂರ್ವ ಕರಾವಳಿಯ ನಗರಗಳಿಗೂ ಹೊರದೇಶಗಳಿಗೂ ಹೋಗಿತ್ತು. ಹತ್ತಿ ತೋಟಗಳು ತಮಗೆ ಬೇಕಾದ ಮೆಕ್ಕೆಜೋಳವನ್ನೂ ಹಂದಿಗಳನ್ನೂ ಬಹುಮಟ್ಟಿಗೆ ತಾವೇ ಬೆಳೆಸಿಕೊಳ್ಳುತ್ತಿದ್ದವು. ಹತ್ತಿಗೂ ಮೆಕ್ಕೆಜೋಳಕ್ಕೂ ಕೆಲಸದ ಕಾಲ ಪೂರ್ತಿಯಾಗಿ ಒಂದೇ ಅಲ್ಲವಾದ್ದರಿಂದ, ವರ್ಷವಿಡೀ ಹಿಡಿತದಲ್ಲಿದ್ದ ಗುಲಾಮರ ದುಡಿಮೆಯನ್ನು ಎರಡಕ್ಕೂ ಬಳಸುವುದು ತೋಟದ ಒಡೆಯನಿಗೆ ಲಾಭವಾಗಿತ್ತು. ಲೂಯಿಸಿಯಾನಾದ ಸಕ್ಕರೆ ತೋಟಗಳ ಮಾತು ಬೇರೆ. ಅವು ಹೊರಗಿನ ಆಹಾರವನ್ನು ಹೆಚ್ಚಾಗಿ ಕೊಂಡವು. ಆದರೆ ತ್ರಿಕೋನದ ಮೂರು ಬದಿಗಳಲ್ಲಿ ದಕ್ಷಿಣ ಮತ್ತು ಪಶ್ಚಿಮದ ನಡುವಿನ ಬದಿ ಟಿಪ್ಪಣಿಯಲ್ಲಿ ಬರೆದಷ್ಟು ದಪ್ಪವಾಗಿರಲಿಲ್ಲ ಎಂಬುದನ್ನು ಇಂದು ಹೆಚ್ಚಿನವರು ಒಪ್ಪುತ್ತಾರೆ.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ದಿಕ್ಕು ತಿರುಗಿದ್ದು ಅರ್ಥವಾಗಬೇಕಾದರೆ ಅದಕ್ಕೆ ಮುಂಚಿನ ಸ್ಥಿತಿಯ ಕಷ್ಟ ಮನಸ್ಸಿಗೆ ಬರಬೇಕು. 1816ರಲ್ಲಿ ಸೆನೆಟ್ಟಿನ ಸಮಿತಿಯೊಂದು ಹಾಕಿದ ಲೆಕ್ಕದಂತೆ, ಯೂರೋಪಿನಿಂದ 3,000 ಮೈಲಿ ಸಮುದ್ರ ದಾಟಿಸಿ ಒಂದು ಟನ್ನು ಸರಕನ್ನು ತರಲು ಸುಮಾರು 9 ಡಾಲರ್ ಸಾಕಾಗುತ್ತಿತ್ತು. ಅದೇ 9 ಡಾಲರಿಗೆ ಆ ಸರಕು ನೆಲದ ಮೇಲೆ ಕೇವಲ 30 ಮೈಲಿ ಸಾಗುತ್ತಿತ್ತು. ಚಿಕ್ಕಬಳ್ಳಾಪುರದಿಂದ ಹೊರಟರೆ ಬೆಂಗಳೂರನ್ನೂ ಮುಟ್ಟದಷ್ಟು ದೂರ ಅದು. ಆದ್ದರಿಂದ ಅಲೆಘೆನಿ ಬೆಟ್ಟಸಾಲಿನ ಆಚೆಗಿದ್ದ ರೈತನು ಧಾನ್ಯವನ್ನು ಧಾನ್ಯವಾಗಿಯೇ ಪೂರ್ವಕ್ಕೆ ಮಾರುವಂತಿರಲಿಲ್ಲ. ಅವನು ಅದನ್ನು ಬಟ್ಟಿ ಇಳಿಸಿ ವಿಸ್ಕಿ ಮಾಡುತ್ತಿದ್ದನು, ಇಲ್ಲವೇ ಹಂದಿಗೆ ತಿನ್ನಿಸಿ ಹಂದಿಯನ್ನೇ ಬೆಟ್ಟ ಹತ್ತಿಸಿ ನಡೆಸಿಕೊಂಡು ಹೋಗುತ್ತಿದ್ದನು. ಕಾಯಿಯನ್ನು ಕೊಬ್ಬರಿ ಮಾಡಿ ಮಾರುವ ನಮ್ಮ ತಿಪಟೂರಿನ ಕಡೆಯವರಿಗೆ ಈ ಉಪಾಯ ಹೊಸದಲ್ಲ: ತೂಕ ಇಳಿಯಬೇಕು, ಬೆಲೆ ಉಳಿಯಬೇಕು.

ಉಳಿದ ದಾರಿ ನದಿಯೊಂದೇ. ಚಪ್ಪಟೆ ತಳದ ಮರದ ದೋಣಿಯಲ್ಲಿ ಹಿಟ್ಟು, ಉಪ್ಪು ಹಾಕಿದ ಮಾಂಸ, ವಿಸ್ಕಿ ತುಂಬಿಕೊಂಡು ನ್ಯೂ ಆರ್ಲಿಯನ್ಸಿಗೆ ಇಳಿದವರು ಸರಕನ್ನು ಮಾರಿದ ಮೇಲೆ ದೋಣಿಯನ್ನೂ ಬಿಚ್ಚಿ ಹಲಗೆಯ ಲೆಕ್ಕದಲ್ಲಿ ಮಾರಿ, ಕಾಲ್ನಡಿಗೆಯಲ್ಲಿ ಊರಿಗೆ ಮರಳುತ್ತಿದ್ದರು. ಹರಿವಿಗೆ ಎದುರಾಗಿ ಒಹಾಯೋ ನದಿಯ ದಡದ ಲೂಯಿವಿಲ್ಲಿನವರೆಗೆ ದೋಣಿಯನ್ನು ಕೋಲಿನಿಂದ ನೂಕಿಕೊಂಡು ಹೋಗಲು ಮೂರು ನಾಲ್ಕು ತಿಂಗಳು ಬೇಕಾಗುತ್ತಿತ್ತು. 1807ರಲ್ಲಿ ರಾಬರ್ಟ್ ಫುಲ್ಟನ್ ಹಡ್ಸನ್ ನದಿಯಲ್ಲಿ ಓಡಿಸಿ ತೋರಿಸಿದ ಉಗಿದೋಣಿಯು ಪಶ್ಚಿಮದ ನದಿಗಳಿಗೆ ಬಂದಾಗ ಈ ಲೆಕ್ಕ ತಲೆಕೆಳಗಾಯಿತು. 1815ರಲ್ಲಿ ಎಂಟರ್‌ಪ್ರೈಸ್ ಎಂಬ ದೋಣಿ ನ್ಯೂ ಆರ್ಲಿಯನ್ಸಿನಿಂದ ಲೂಯಿವಿಲ್ಲಿಗೆ 25 ದಿನಗಳಲ್ಲಿ ಏರಿತು. 1850ರ ದಶಕದಲ್ಲಿ ವೇಗದ ದೋಣಿಗಳಿಗೆ ಒಂದು ವಾರವೂ ಹಿಡಿಯುತ್ತಿರಲಿಲ್ಲ. ಆದರೆ ಗಮನಿಸಿ, ಉಗಿದೋಣಿಯು ನದಿ ತೋರಿಸಿದ ದಿಕ್ಕನ್ನೇ ಗಟ್ಟಿ ಮಾಡಿತು. ದಿಕ್ಕನ್ನು ತಿರುಗಿಸಿದ್ದು ಕಾಲುವೆ.

ಈರಿ ಕಾಲುವೆಯ ಕೆಲಸ 1817ರ ಜುಲೈ 4ರಂದು ಆರಂಭವಾಗಿ 1825ರ ಅಕ್ಟೋಬರಿನಲ್ಲಿ ಮುಗಿಯಿತು. ಹಡ್ಸನ್ ನದಿಯ ದಡದ ಆಲ್ಬನಿಯಿಂದ ಈರಿ ಸರೋವರದ ದಡದ ಬಫೆಲೊವರೆಗೆ 363 ಮೈಲಿ ಉದ್ದ, 40 ಅಡಿ ಅಗಲ. ಆಳ ಮಾತ್ರ 4 ಅಡಿ. ಏರುಪೇರನ್ನು ದಾಟಲು 83 ಲಾಕುಗಳು, ಅಂದರೆ ಬಾಗಿಲು ಮುಚ್ಚಿ ನೀರು ತುಂಬಿ ದೋಣಿಯನ್ನು ಮೇಲೆತ್ತುವ ಕಲ್ಲಿನ ಕೊಠಡಿಗಳು. ದಂಡೆಯ ಮೇಲೆ ಹೇಸರಗತ್ತೆಗಳು ಹಗ್ಗ ಹಿಡಿದು ದೋಣಿಯನ್ನು ಎಳೆಯುತ್ತಿದ್ದವು. ತಗುಲಿದ ಖರ್ಚು ಸುಮಾರು 70 ಲಕ್ಷ ಡಾಲರ್. ಬಫೆಲೊದಿಂದ ನ್ಯೂಯಾರ್ಕಿಗೆ ಒಂದು ಟನ್ನಿನ ಸಾಗಣೆಗೆ ಸುಮಾರು 100 ಡಾಲರ್ ಇದ್ದದ್ದು 10 ಡಾಲರಿನ ಆಸುಪಾಸಿಗೆ ಇಳಿದು, ಮುಂದೆ ಅದಕ್ಕಿಂತಲೂ ಕಡಿಮೆಯಾಯಿತು.

ಆದರೂ ಕಾಲುವೆ ತೆರೆದ ಮರುದಿನವೇ ಪಶ್ಚಿಮವೆಲ್ಲ ಪೂರ್ವಕ್ಕೆ ತಿರುಗಿತೆಂದು ಬರೆಯಬೇಡಿ. ಮೊದಲ ಹತ್ತು ವರ್ಷ ಅದರ ಮೇಲೆ ಸಾಗಿದ ಸರಕಿನಲ್ಲಿ ಹೆಚ್ಚಿನದು ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದ ಗೋಧಿಯೇ ಆಗಿತ್ತು. 1832ರಲ್ಲಿ ಕ್ಲೀವ್‌ಲ್ಯಾಂಡಿನಿಂದ ಒಹಾಯೋ ನದಿಯವರೆಗಿನ ಕಾಲುವೆ, 1848ರಲ್ಲಿ ಷಿಕಾಗೊವನ್ನು ಇಲಿನಾಯ್ ನದಿಗೆ ಸೇರಿಸಿದ ಕಾಲುವೆ ಸಿದ್ಧವಾದ ಮೇಲೆ ಒಳನಾಡಿನ ಧಾನ್ಯಕ್ಕೆ ಸರೋವರಗಳ ದಾರಿ ತೆರೆಯಿತು. 1840ರ ದಶಕದ ಉತ್ತರಾರ್ಧದಲ್ಲಿ ಈರಿ ಕಾಲುವೆಯ ಮೇಲೆ ಪಶ್ಚಿಮ ರಾಜ್ಯಗಳ ಸರಕು ನ್ಯೂಯಾರ್ಕಿನ ಸ್ವಂತ ಸರಕನ್ನು ಮೀರಿತು. ಇದರಿಂದ ನ್ಯೂ ಆರ್ಲಿಯನ್ಸ್ ಬಡವಾಗಲಿಲ್ಲ. 1840ರಲ್ಲಿ ಅದು ಲಕ್ಷ ಜನರ ಪಟ್ಟಣ, ದೇಶದ ಮೂರನೆಯ ದೊಡ್ಡ ನಗರ. ಅಲ್ಲಿಗೆ ಬರುವ ಸರಕು 1860ರವರೆಗೂ ಏರುತ್ತಲೇ ಇತ್ತು. ಪಶ್ಚಿಮದ ಬೆಳೆ ಅದಕ್ಕಿಂತ ವೇಗವಾಗಿ ಏರಿತು, ಹೊಸದಾಗಿ ಏರಿದ್ದು ಪೂರ್ವದ ದಾರಿ ಹಿಡಿಯಿತು. ನ್ಯೂ ಆರ್ಲಿಯನ್ಸಿನ ಸೆಕೆ ಮತ್ತು ತೇವದಲ್ಲಿ ಹಿಟ್ಟು ಹುಳಿಯುತ್ತಿತ್ತು, ಧಾನ್ಯಕ್ಕೆ ಬೂಷ್ಟು ಹಿಡಿಯುತ್ತಿತ್ತು ಎಂಬುದೂ ಒಂದು ಕಾರಣ.

ಮಂಡಿ ಗುಮಾಸ್ತ, ಕೋಲಾರ

ಅಧ್ಯಾಪಕರ ವಿವರಣೆಯನ್ನು ಗೌರವದಿಂದ ಓದಿದೆ. ನಾನು ಬಿ.ಕಾಂ. ಮುಗಿಸಿ ಇಲ್ಲಿನ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಈ ವಿಷಯವನ್ನು ಹವ್ಯಾಸಕ್ಕಾಗಿ ಓದಿಕೊಂಡಿದ್ದೇನೆ. ದಾರಿಯಾದ ಮಾತ್ರಕ್ಕೆ ಮಾರುಕಟ್ಟೆಯಾಗುವುದಿಲ್ಲವೆಂಬುದು ನಮ್ಮ ಕೆಲಸದಲ್ಲಿ ದಿನವೂ ಕಾಣುವ ಸಂಗತಿ. ಕಾಣದ ಸರಕನ್ನು, ಕಾಣದ ಊರಿನಲ್ಲಿ ಕುಳಿತವನು, ಹಣ ಕೊಟ್ಟು ಕೊಳ್ಳುವುದು ಹೇಗೆಂಬುದು ಅದಕ್ಕಿಂತ ಕಷ್ಟದ ಪ್ರಶ್ನೆ.

ನಮ್ಮ ಯಾರ್ಡಿನಲ್ಲಿ ಪ್ರತಿಯೊಬ್ಬ ರೈತನ 15 ಕೆಜಿ ಕ್ರೇಟುಗಳು ಬೇರೆ ಬೇರೆ ಸಾಲಿನಲ್ಲಿ ನಿಲ್ಲುತ್ತವೆ. ಖರೀದಿದಾರನು ಹಣ್ಣನ್ನು ಕಣ್ಣಿಂದ ನೋಡಿ ಹರಾಜಿನಲ್ಲಿ ಕೂಗುತ್ತಾನೆ. ಷಿಕಾಗೊದಲ್ಲಿಯೂ ಮೊದಲು ಗೋಧಿಯ ಕತೆ ಹೀಗೆಯೇ ಇತ್ತು. ಚೀಲದಲ್ಲಿ ತುಂಬಿದ ಗೋಧಿಗೆ ಒಡೆಯನ ಹೆಸರಿರುತ್ತಿತ್ತು. ಅದು ಕೊನೆಯ ಊರಿನಲ್ಲಿ ಮಾರಾಟವಾಗುವವರೆಗೂ ಅವನದೇ ಆಗಿರುತ್ತಿತ್ತು, ದಾರಿಯಲ್ಲಿ ಮುಳುಗಿದರೆ ಮುಳುಗಿದ್ದು ಅವನ ಗೋಧಿಯೇ. 1842ರಲ್ಲಿ ಬಫೆಲೊ ಬಂದರಿನಲ್ಲಿ ಜೋಸೆಫ್ ಡಾರ್ಟ್ ಎಂಬ ವ್ಯಾಪಾರಿಯು ಉಗಿಯಂತ್ರಕ್ಕೆ ಪಟ್ಟಿ ಕಟ್ಟಿ, ಪಟ್ಟಿಗೆ ಬಕೆಟ್ಟುಗಳನ್ನು ಪೋಣಿಸಿ, ಹಡಗಿನ ಹೊಟ್ಟೆಯಿಂದ ಬಿಡಿ ಧಾನ್ಯವನ್ನು ಎತ್ತರದ ಕಣಜಕ್ಕೆ ಎತ್ತುವ ಎಲಿವೇಟರನ್ನು ನಿಲ್ಲಿಸಿದನು. ಹಮಾಲರ ಬೆನ್ನಿನ ಮೇಲೆ ಹಲವು ದಿನ ಹಿಡಿಯುತ್ತಿದ್ದ ಕೆಲಸ ಗಂಟೆಗಳಲ್ಲಿ ಮುಗಿಯತೊಡಗಿತು. ಷಿಕಾಗೊ ಈ ಯಂತ್ರವನ್ನು ಇನ್ನೂ ದೊಡ್ಡದಾಗಿ ಕಟ್ಟಿಕೊಂಡಿತು. ಆದರೆ ಕಣಜ ತುಂಬಬೇಕಾದರೆ ಹತ್ತಾರು ಜನರ ಗೋಧಿ ಬೆರೆಯಲೇಬೇಕು. ಬೆರೆತ ಮೇಲೆ ಯಾವುದು ಯಾರದು?

ಈ ತೊಡಕಿಗೆ 1848ರಲ್ಲಿ ಆರಂಭವಾದ ಷಿಕಾಗೊ ಬೋರ್ಡ್ ಆಫ್ ಟ್ರೇಡ್ ಎಂಬ ವರ್ತಕರ ಸಂಘವು 1856ರಿಂದ ಮುಂದೆ ಉತ್ತರ ಕೊಟ್ಟಿತು. ಗೋಧಿಯನ್ನು ದರ್ಜೆಗಳಾಗಿ ವಿಂಗಡಿಸಿ, ಒಂದೇ ದರ್ಜೆಯ ಗೋಧಿಯೆಲ್ಲ ಒಂದೇ ಎಂದು ನಿಯಮ ಮಾಡಿತು. ರೈತನು ಅಥವಾ ವರ್ತಕನು ಕಣಜಕ್ಕೆ ಗೋಧಿ ಹಾಕಿ ಒಂದು ರಸೀದಿ ಪಡೆಯುತ್ತಾನೆ. ಆ ರಸೀದಿ ತಂದವನಿಗೆ ಅಷ್ಟೇ ತೂಕದ, ಅದೇ ದರ್ಜೆಯ ಗೋಧಿ ಸಿಗುತ್ತದೆ, ಆದರೆ ಅವನೇ ಹಾಕಿದ ಕಾಳು ಸಿಗಬೇಕೆಂದಿಲ್ಲ. ಅಲ್ಲಿಂದ ಮುಂದೆ ಗೋಧಿ ಕಣಜದಲ್ಲೇ ಇದ್ದುಕೊಂಡು ರಸೀದಿ ಕೈಯಿಂದ ಕೈಗೆ ಓಡಾಡಿತು. ಮುಂದಿನ ತಿಂಗಳು ಕೊಡುವ ಗೋಧಿಗೆ ಇಂದೇ ಬೆಲೆ ಕಟ್ಟುವ ವ್ಯಾಪಾರವೂ ಬೆಳೆಯಿತು. 1844ರ ಮೇ 24ರಂದು ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಡುವೆ ಸ್ಯಾಮ್ಯುಯೆಲ್ ಮೋರ್ಸ್ ಕಳಿಸಿದ ತಂತಿ ಸಂದೇಶದ ನಂತರ ನಾಲ್ಕೇ ವರ್ಷಗಳಲ್ಲಿ ಷಿಕಾಗೊಗೂ ತಂತಿ ಬಂದಿತ್ತು. ನ್ಯೂಯಾರ್ಕಿನ ದರ ಅಂದೇ ತಿಳಿಯುವಾಗ ಷಿಕಾಗೊದ ವರ್ತಕನು ಊಹೆಯ ಮೇಲೆ ದರ ಕೂಗಬೇಕಾಗಿರಲಿಲ್ಲ. ಬೇರೆ ರಾಜ್ಯದ ದರ ಫೋನಿನಲ್ಲಿ ಬಂದ ಗಳಿಗೆಯಲ್ಲಿ ನಮ್ಮ ಹರಾಜಿನ ಕೂಗು ಬದಲಾಗುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತಾಗುತ್ತದೆ. (ಕಣಜದವರು ಕಳಪೆ ಕಾಳನ್ನು ಬೆರೆಸಿ ದರ್ಜೆಯ ಅಂಚಿಗೆ ತಂದು ನಿಲ್ಲಿಸುತ್ತಾರೆಂದು ರೈತರು ಆಗಲೇ ದೂರತೊಡಗಿದ್ದರು. ತೂಕ ಮತ್ತು ದರ್ಜೆಯ ಜಗಳವಿಲ್ಲದ ಮಾರುಕಟ್ಟೆಯನ್ನು ನಾನಂತೂ ಕಂಡಿಲ್ಲ.)

ಇನ್ನು ಹಣದ ಸಂಗತಿ ಹೇಳಿದರೆ ನಗು ಬರುತ್ತದೆ. ದೇಶಕ್ಕೆಲ್ಲ ಒಂದು ನೋಟು ಇರಲಿಲ್ಲ. 1832ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ತಡೆದದ್ದರಿಂದ ರಾಷ್ಟ್ರೀಯ ಬ್ಯಾಂಕಾಗಿದ್ದ ಯುನೈಟೆಡ್ ಸ್ಟೇಟ್ಸ್ ಬ್ಯಾಂಕಿನ ಸನ್ನದು ನವೀಕರಣವಾಗದೆ 1836ರಲ್ಲಿ ಮುಗಿಯಿತು. ನೋಟುಗಳನ್ನು ರಾಜ್ಯಗಳ ಅನುಮತಿ ಪಡೆದ ಬ್ಯಾಂಕುಗಳೇ ಅಚ್ಚು ಹಾಕಿಸುತ್ತಿದ್ದವು. 1860ರಲ್ಲಿ ಅಂತಹ ಬ್ಯಾಂಕುಗಳು ಸುಮಾರು 1,500 ಇದ್ದವು, ನೋಟಿನ ಬಗೆಗಳು ಸಾವಿರಾರು. ಬ್ಯಾಂಕಿನ ಊರಿನಿಂದ ದೂರ ಹೋದಷ್ಟೂ ನೋಟಿಗೆ ವಟ್ಟ ಮುರಿಯುತ್ತಿದ್ದರು. ಯಾವ ಬ್ಯಾಂಕು ಮುಳುಗಿದೆ, ಯಾವ ನೋಟು ಖೋಟಾ ಎಂದು ತಿಳಿಸುವ ಪತ್ರಿಕೆಗಳನ್ನು ಅಂಗಡಿಯವರು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು. ದೊಡ್ಡ ವ್ಯಾಪಾರ ಮಾತ್ರ ಈ ನೋಟುಗಳ ಮೇಲೆ ನಡೆಯಲಿಲ್ಲ. ಅದು ನ್ಯೂಯಾರ್ಕಿನ ಮೇಲೆ ಬರೆದ ಹುಂಡಿಗಳಲ್ಲಿ, ಅಂದರೆ ಅಲ್ಲಿನ ವರ್ತಕನು ಇಂತಿಷ್ಟು ಹಣ ಕೊಡಬೇಕೆಂದು ಬರೆದ ಪತ್ರಗಳಲ್ಲಿ, ನಡೆಯಿತು. ದಕ್ಷಿಣದ ಹತ್ತಿ ತೋಟದವನಿಗೂ ನಮ್ಮ ಟೊಮೆಟೊ ರೈತನಿಗೆ ಮಂಡಿಯವರು ಕೊಡುವ ಹಾಗೆಯೇ ಬಂದರಿನ ಕಮಿಷನ್ ವ್ಯಾಪಾರಿಯು ಬೆಳೆಯ ಮೇಲೆ ಮುಂಗಡ ಕೊಡುತ್ತಿದ್ದನು. ಮುಂಗಡ ಪಡೆದವನು ಬೆಳೆಯನ್ನು ಅವನ ಮೂಲಕವೇ ಮಾರಬೇಕು. ಆ ವ್ಯಾಪಾರಿಗೆ ಸಾಲ ಕೊಟ್ಟವನು ನ್ಯೂಯಾರ್ಕಿನಲ್ಲಿದ್ದನು, ಅವನಿಗೆ ಸಾಲ ಕೊಟ್ಟವನು ಲಂಡನ್ನಿನಲ್ಲಿಯೋ ಲಿವರ್‌ಪೂಲಿನಲ್ಲಿಯೋ ಇದ್ದನು. ಮೇಡಂ, ನಿಮ್ಮ ಪ್ರಬಂಧದಲ್ಲಿ ಕಾಲುವೆಗೆ ಒಂದು ಪುಟ ಕೊಟ್ಟರೆ ಈ ಸಾಲದ ಸರಪಳಿಗೂ ಒಂದು ಪುಟ ಕೊಡಬೇಕೆಂದು ನನ್ನ ಅಭಿಪ್ರಾಯ.

ಸಣ್ಣ ರೈಲು, ಬಂಗಾರಪೇಟೆ

ಇಷ್ಟು ಬರೆದವರು ರೈಲನ್ನು ಹೀಗೆ ಬಿಟ್ಟುಬಿಡಬಾರದು. ಬಾಲ್ಟಿಮೋರ್ ಮತ್ತು ಒಹಾಯೋ ರೈಲಿನ ಕೆಲಸ ಶುರುವಾದದ್ದು 1828ರಲ್ಲಿ. ಅದರ ಹಳಿ ಒಹಾಯೋ ನದಿಯನ್ನು ಮುಟ್ಟಿದ್ದು 1853ರ ವೇಳೆಗೆ. ದೇಶದಲ್ಲಿ 1840ರಲ್ಲಿ ಸುಮಾರು 3,000 ಮೈಲಿಯಿದ್ದ ಹಳಿ 1860ರಲ್ಲಿ ಸುಮಾರು 30,000 ಮೈಲಿಯಾಗಿತ್ತು. ಕಾಲುವೆ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ರೈಲಿಗೆ ಆ ಅಡ್ಡಿಯಿಲ್ಲ.

ಆದರೆ ಆ ಹಳಿಗಳೆಲ್ಲ ಒಂದೇ ಜಾಲವಾಗಿರಲಿಲ್ಲ. ನಮ್ಮ ತಾತನವರು ಇಲ್ಲಿನ ನಿಲ್ದಾಣದಲ್ಲಿ ಹಮಾಲಿಯಾಗಿದ್ದರು. ಕೋಲಾರ, ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ಎರಡೂವರೆ ಅಡಿ ಅಂತರದ ಹಳಿಯ ಮೇಲೆ ಬಂದ ಮೂಟೆಗಳನ್ನು ಇಲ್ಲಿ ದೊಡ್ಡ ಗಾಡಿಗೆ ಹೊತ್ತು ಹಾಕುವುದೇ ಅವರ ಅನ್ನವಾಗಿತ್ತು. ಅಮೆರಿಕದಲ್ಲಿಯೂ ದಕ್ಷಿಣದ ಹಳಿ ಬಹುತೇಕ 5 ಅಡಿ, ಈಶಾನ್ಯದಲ್ಲಿ ಹೆಚ್ಚಾಗಿ 4 ಅಡಿ 8½ ಅಂಗುಲ, ಒಹಾಯೋದಲ್ಲಿ 4 ಅಡಿ 10 ಅಂಗುಲ, ನ್ಯೂಯಾರ್ಕಿನ ಈರಿ ಕಂಪನಿಯದು 6 ಅಡಿ. 1853ರಲ್ಲಿ ಪೆನ್ಸಿಲ್ವೇನಿಯಾದ ಈರಿ ಪಟ್ಟಣದಲ್ಲಿ ಎರಡು ಅಳತೆಯ ಹಳಿಗಳನ್ನು ಒಂದು ಮಾಡಲು ಹೊರಟಾಗ ಊರಿನ ಜನರೇ ಸೇರಿ ಹಳಿಯನ್ನು ಕಿತ್ತುಹಾಕಿದರು, ಸೇತುವೆಗಳನ್ನು ಕೆಡವಿದರು. ಸರಕು ಇಳಿಸಿ ಹತ್ತಿಸುವ ಕೆಲಸ, ಕಾಯುವ ಪ್ರಯಾಣಿಕರ ಊಟ, ವಸತಿ, ಎಲ್ಲವೂ ಆ ಅಳತೆಯ ವ್ಯತ್ಯಾಸದ ಮೇಲೆಯೇ ನಿಂತಿತ್ತು. ರಾಷ್ಟ್ರೀಯ ಮಾರುಕಟ್ಟೆಯನ್ನು ಎಲ್ಲರೂ ಬಯಸಿದ್ದರೆಂದು ಬರೆಯುವ ಮುನ್ನ ಆ ಊರಿನವರನ್ನು ನೆನೆಯಿರಿ. ದಕ್ಷಿಣದ ಹಳಿಗಳು ಉತ್ತರದ ಅಳತೆಗೆ ಬಂದದ್ದು 1886ರಲ್ಲಿ. ಅಂದರೆ ನಿಮ್ಮ ಪ್ರಬಂಧದ ಅವಧಿ ಮುಗಿದು 26 ವರ್ಷಗಳಾದ ಮೇಲೆ.

ಇತಿಹಾಸದ ಮೇಷ್ಟರು, ಚಿಂತಾಮಣಿ

ಮಂಡಿಯ ಮಿತ್ರರ ಹೋಲಿಕೆಯೊಂದನ್ನು ಒಪ್ಪಲಾರೆ. ಟೊಮೆಟೊ ರೈತನು ಮುಂಗಡಕ್ಕೆ ಬದಲಾಗಿ ಬೆಳೆಯನ್ನು ಒತ್ತೆಯಿಡುತ್ತಾನೆ. ಹತ್ತಿ ತೋಟದ ಒಡೆಯನು ದೊಡ್ಡ ಸಾಲ ಬೇಕಾದಾಗ ಮನುಷ್ಯರನ್ನು ಅಡವಿಟ್ಟನು. 1827ರಲ್ಲಿ ಲೂಯಿಸಿಯಾನಾದಲ್ಲಿ ಸ್ಥಾಪನೆಯಾದ ತೋಟಗಾರರ ಬ್ಯಾಂಕು ಭೂಮಿಯನ್ನೂ ಗುಲಾಮರನ್ನೂ ಅಡವು ಹಿಡಿದು ಸಾಲ ಕೊಟ್ಟಿತು. ಅದರ ಸಾಲಪತ್ರಗಳಿಗೆ ರಾಜ್ಯ ಸರ್ಕಾರವೇ ಜಾಮೀನು ನಿಂತಿತು, ಲಂಡನ್ನಿನ ಹಣ ಅವುಗಳನ್ನು ಕೊಂಡಿತು. ಗುಲಾಮಗಿರಿ ಈ ಮಾರುಕಟ್ಟೆಯ ಹೊರಗಿದ್ದ ಹಳೆಯ ಪದ್ಧತಿಯೆಂದೂ ಕಾಲುವೆ ಮತ್ತು ರೈಲು ಒಳಗಿದ್ದ ಹೊಸತೆಂದೂ ವಿಂಗಡಿಸಿ ಬರೆದರೆ ಪ್ರಬಂಧ ತಪ್ಪು ದಾರಿ ಹಿಡಿಯುತ್ತದೆ.

1793ರಲ್ಲಿ ಎಲಿ ವಿಟ್ನಿ ರೂಪಿಸಿದ ಜಿನ್ ಯಂತ್ರವು ಗಿಡ್ಡ ಎಳೆಯ ಹತ್ತಿಯಿಂದ ಬೀಜ ಬಿಡಿಸುವುದನ್ನು ಸುಲಭಗೊಳಿಸಿತು. ಬೀಜ ಬಿಡಿಸುವ ಕೆಲಸ ಹಗುರಾದರೆ ಗುಲಾಮರ ಅಗತ್ಯ ಕಡಿಮೆಯಾಗಬೇಕಿತ್ತಲ್ಲ ಎಂದು ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ಅಡ್ಡಿಯಾಗಿದ್ದ ಹಂತವೊಂದು ಸಡಿಲವಾದ್ದರಿಂದ ಬಿತ್ತುವ, ಕಳೆ ತೆಗೆಯುವ, ಗಿಡದಿಂದ ಹತ್ತಿ ಬಿಡಿಸುವ ಕೆಲಸಗಳೆಲ್ಲ ಹಲವು ಪಟ್ಟು ಹೆಚ್ಚಿದವು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರಲ್ಲಿ 40 ಲಕ್ಷದ ಹತ್ತಿರಕ್ಕೆ ಬಂದಿತ್ತು. ಆ ಹೊತ್ತಿಗೆ ದೇಶದ ರಫ್ತಿನ ಮೌಲ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯದೇ.

ಹೊರದೇಶದಿಂದ ಗುಲಾಮರನ್ನು ತರುವುದು 1808ರಲ್ಲಿ ನಿಷಿದ್ಧವಾದ ಮೇಲೆ ಒಳನಾಡಿನ ಮಾರಾಟವೇ ದೊಡ್ಡ ವ್ಯಾಪಾರವಾಯಿತು. ವರ್ಜೀನಿಯಾ, ಮೇರಿಲ್ಯಾಂಡ್ ಮೊದಲಾದ ಹಳೆಯ ರಾಜ್ಯಗಳಿಂದ ಅಲಬಾಮಾ, ಮಿಸಿಸಿಪಿ, ಲೂಯಿಸಿಯಾನಾಗಳ ಹತ್ತಿ ನೆಲಕ್ಕೆ ಸುಮಾರು 10 ಲಕ್ಷ ಜನರನ್ನು ಬಲವಂತವಾಗಿ ಸಾಗಿಸಲಾಯಿತು. ಕೆಲವರನ್ನು ಒಡೆಯರು ತಮ್ಮೊಂದಿಗೆ ಕರೆದೊಯ್ದರು, ಬಹಳಷ್ಟು ಜನರನ್ನು ವ್ಯಾಪಾರಿಗಳು ಕೊಂಡು, ಸರಪಳಿ ಹಾಕಿ ನಡೆಸಿಕೊಂಡೋ ಹಡಗಿನಲ್ಲಿ ತುಂಬಿಕೊಂಡೋ ಹೋದರು. 1828ರಲ್ಲಿ, ಇಂದು ವರ್ಜೀನಿಯಾಕ್ಕೆ ಸೇರಿರುವ ಅಲೆಕ್ಸಾಂಡ್ರಿಯಾದಲ್ಲಿ ಆರಂಭವಾದ ಫ್ರಾಂಕ್ಲಿನ್ ಮತ್ತು ಆರ್ಮ್‌ಫೀಲ್ಡ್ ಎಂಬ ಸಂಸ್ಥೆಗೆ ಸ್ವಂತ ಹಡಗುಗಳಿದ್ದವು. ನ್ಯೂ ಆರ್ಲಿಯನ್ಸ್ ಮತ್ತು ನ್ಯಾಚೆಜ್‌ಗಳಲ್ಲಿ ಮಾರಾಟದ ವ್ಯವಸ್ಥೆಯಿತ್ತು. ರಿಚ್ಮಂಡಿನ ವ್ಯಾಪಾರಿಗಳು ವಯಸ್ಸು ಮತ್ತು ಮೈಕಟ್ಟಿನ ಮೇಲೆ ಮನುಷ್ಯರನ್ನು ವರ್ಗಗಳಾಗಿ ವಿಂಗಡಿಸಿ ದರಪಟ್ಟಿ ಅಚ್ಚು ಮಾಡಿಸಿ ಹಂಚುತ್ತಿದ್ದರು. ಹತ್ತಿಯ ದರ ಏರಿದರೆ ಆ ದರವೂ ಏರುತ್ತಿತ್ತು. ದರ್ಜೆ, ದರಪಟ್ಟಿ, ದೂರದ ಊರುಗಳ ಬೆಲೆ ಒಟ್ಟಿಗೆ ಏರಿಳಿಯುವುದು, ಇವೆಲ್ಲ ಗೋಧಿಗಿಂತ ಮೊದಲೇ ಮನುಷ್ಯರ ವ್ಯಾಪಾರದಲ್ಲಿ ಕಾಣಿಸಿಕೊಂಡಿದ್ದವು.

ಉತ್ತರದ ಪಾಲು ಇದರಲ್ಲಿ ಇಲ್ಲವೆಂದುಕೊಳ್ಳಬೇಡಿ. ಮ್ಯಾಸಚೂಸೆಟ್ಸಿನ ಲೋವೆಲ್ ಗಿರಣಿಗಳಲ್ಲಿ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು ಗಂಟೆಯ ಸದ್ದಿಗೆ ಎದ್ದು ನೇಯುತ್ತಿದ್ದದ್ದು ದಕ್ಷಿಣದ ಹತ್ತಿಯನ್ನು. ನ್ಯೂ ಇಂಗ್ಲೆಂಡಿನ ಹಲವು ಗಿರಣಿಗಳು ಗುಲಾಮರಿಗೆಂದೇ ಒರಟು ಬಟ್ಟೆಯನ್ನು, ಚಮ್ಮಾರರ ಊರುಗಳು ಅವರಿಗೆಂದೇ ಒರಟು ಬೂಟುಗಳನ್ನು ತಯಾರಿಸಿ ದಕ್ಷಿಣಕ್ಕೆ ಕಳಿಸಿದವು. ದಕ್ಷಿಣವು ಪಶ್ಚಿಮದ ಧಾನ್ಯಕ್ಕೆ ಕಾಯಲಿಲ್ಲವೆಂಬ ಅಧ್ಯಾಪಕರ ಮಾತನ್ನು ಒಪ್ಪುತ್ತೇನೆ. ಆದರೆ ಅದು ನ್ಯೂಯಾರ್ಕಿನ ಸಾಲಕ್ಕೂ ನ್ಯೂ ಇಂಗ್ಲೆಂಡಿನ ಬಟ್ಟೆಗೂ ಬಿಗಿಯಾಗಿ ಕಟ್ಟಿಕೊಂಡಿತ್ತೆಂಬುದನ್ನು ಅದರ ಪಕ್ಕದಲ್ಲೇ ಬರೆಯಬೇಕು.

ಗೂಡಿನ ಮನೆ, ಶಿಡ್ಲಘಟ್ಟ

ಎಲ್ಲರಿಗೂ ವಂದನೆಗಳು. ತ್ರಿಕೋನವನ್ನು ಕೈಬಿಟ್ಟಿದ್ದೇನೆ. ಉಳಿದಿರುವುದು ಒಂದೇ ಪ್ರಶ್ನೆ. ಈ ಕೆಲಸಗಳಲ್ಲಿ ಒಕ್ಕೂಟ ಸರ್ಕಾರ ಎಲ್ಲಿತ್ತು? ಈರಿ ಕಾಲುವೆಯನ್ನು ರಾಜ್ಯ ಕಟ್ಟಿತು, ದರ್ಜೆಯನ್ನು ವರ್ತಕರ ಸಂಘ ಮಾಡಿತು, ನೋಟನ್ನು ಖಾಸಗಿ ಬ್ಯಾಂಕು ಅಚ್ಚು ಹಾಕಿತು. ಹಾಗಾದರೆ ಇದನ್ನು ರಾಷ್ಟ್ರೀಯ ಎನ್ನುವುದು ಯಾವ ಅರ್ಥದಲ್ಲಿ?

ನಿವೃತ್ತ ಅಧ್ಯಾಪಕ, ತುಮಕೂರು

ಚಿಂತಾಮಣಿಯ ಮೇಷ್ಟರ ತಿದ್ದುಪಡಿಯನ್ನು ಒಪ್ಪಿಕೊಂಡು ಮುಂದುವರಿಯುತ್ತೇನೆ.

ಒಕ್ಕೂಟದ ದೊಡ್ಡ ಕೊಡುಗೆ ಅದು ಕಟ್ಟಿದ್ದರಲ್ಲಿ ಕಾಣುವುದಿಲ್ಲ, ತಡೆದದ್ದರಲ್ಲಿ ಕಾಣುತ್ತದೆ. ನಮ್ಮ ಬಾಲ್ಯದಲ್ಲಿ ಊರಿನ ಬಾಗಿಲಿಗೆ ಸುಂಕದ ಕಟ್ಟೆಯಿತ್ತು. ಗಾಡಿ ನಿಲ್ಲಿಸಿ ಮೂಟೆ ಎಣಿಸಿಯೇ ಒಳಗೆ ಬಿಡುತ್ತಿದ್ದರು. ಅಮೆರಿಕದ ಸಂವಿಧಾನವು ಒಂದು ರಾಜ್ಯ ತನ್ನ ಗಡಿಯಲ್ಲಿ ಆಮದು ಸುಂಕ ಹಾಕಿಕೊಳ್ಳುವುದನ್ನು 1780ರ ದಶಕದಲ್ಲಿಯೇ ನಿಷೇಧಿಸಿತ್ತು. 1824ರ ಗಿಬ್ಬನ್ಸ್ ಮತ್ತು ಆಗ್ಡನ್ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಈ ಬಾಗಿಲನ್ನು ಇನ್ನಷ್ಟು ತೆರೆದರು. ನ್ಯೂಯಾರ್ಕ್ ರಾಜ್ಯವು ತನ್ನ ನೀರಿನಲ್ಲಿ ಉಗಿದೋಣಿ ನಡೆಸುವ ಏಕಸ್ವಾಮ್ಯವನ್ನು ಫುಲ್ಟನ್ ಮತ್ತು ಅವರ ಪಾಲುದಾರರಿಗೆ ಕೊಟ್ಟಿತ್ತು. ರಾಜ್ಯಗಳ ನಡುವಿನ ವಾಣಿಜ್ಯವನ್ನು ನಿಯಂತ್ರಿಸುವ ಅಧಿಕಾರ ಕಾಂಗ್ರೆಸ್ಸಿನದೆಂದು ಹೇಳಿ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಆ ಏಕಸ್ವಾಮ್ಯಗಳು ಉಳಿದಿದ್ದರೆ ಪ್ರತಿಯೊಂದು ನದಿಗೂ ಒಬ್ಬೊಬ್ಬ ಪಾಳೆಯಗಾರನಿರುತ್ತಿದ್ದನು.

ಕಟ್ಟುವ ವಿಷಯದಲ್ಲಿ ಮಾತ್ರ ಒಕ್ಕೂಟ ಹಿಂಜರಿಯಿತು. 1817ರ ಮಾರ್ಚಿನಲ್ಲಿ, ತಮ್ಮ ಅಧಿಕಾರದ ಕೊನೆಯ ದಿನಗಳಲ್ಲಿ, ಅಧ್ಯಕ್ಷ ಮ್ಯಾಡಿಸನ್ ರಸ್ತೆ ಮತ್ತು ಕಾಲುವೆಗಳಿಗೆ ಹಣ ಕೊಡುವ ಮಸೂದೆಯನ್ನು ಸಂವಿಧಾನದಲ್ಲಿ ಅವಕಾಶವಿಲ್ಲವೆಂದು ತಡೆದರು. ನಾಲ್ಕೇ ತಿಂಗಳಲ್ಲಿ ನ್ಯೂಯಾರ್ಕ್ ತನ್ನ ಸಾಲದ ಬಲದ ಮೇಲೆ ಅಗೆಯಲು ಆರಂಭಿಸಿತು. ಅದರ ಲಾಭವನ್ನು ಕಂಡ ಇತರ ರಾಜ್ಯಗಳು ಲೆಕ್ಕವಿಲ್ಲದೆ ಸಾಲ ಮಾಡಿದವು. ಪೆನ್ಸಿಲ್ವೇನಿಯಾ ಬೆಟ್ಟವನ್ನೇ ದಾಟಿಸುವ ಹಟದಿಂದ, ಇಳಿಜಾರಿನ ಮೇಲೆ ಹಗ್ಗ ಕಟ್ಟಿ ಎಳೆಯುವ ಹಳಿಗಳನ್ನೂ ಕಾಲುವೆಗಳನ್ನೂ ಜೋಡಿಸಿತು. ನೋಡಲು ಅದ್ಭುತ, ಗಳಿಕೆ ಅಲ್ಪ. 1837ರ ಆರ್ಥಿಕ ಕುಸಿತದ ನಂತರ, 1840ರ ದಶಕದ ಮೊದಲ ವರ್ಷಗಳಲ್ಲಿ, ಎಂಟು ರಾಜ್ಯಗಳು ಬಡ್ಡಿ ಕಟ್ಟಲಾರದೆ ಕೈಯೆತ್ತಿದವು. ಈರಿ ಕಾಲುವೆಯ ಯಶಸ್ಸನ್ನು ಮಾತ್ರ ಬರೆದರೆ ಈ ಕತೆ ಅರ್ಧವಾಗುತ್ತದೆ.

ಆಮದು ಸುಂಕ ಒಕ್ಕೂಟದ ಕೈಯಲ್ಲಿತ್ತು, ಜಗಳವೂ ಅಲ್ಲಿಯೇ ಹತ್ತಿತು. ಉತ್ತರದ ಗಿರಣಿಗೆ ರಕ್ಷಣೆಯಾದ ಸುಂಕವು ಹೊರದೇಶಕ್ಕೆ ಹತ್ತಿ ಮಾರಿ ಹೊರದೇಶದ ಸರಕನ್ನು ಕೊಳ್ಳುವ ದಕ್ಷಿಣಕ್ಕೆ ದಂಡವಾಗಿ ಕಂಡಿತು. 1832ರಲ್ಲಿ ದಕ್ಷಿಣ ಕೆರೊಲಿನಾ ಆ ಸುಂಕ ತನ್ನ ನೆಲದಲ್ಲಿ ಅಸಿಂಧುವೆಂದು ಘೋಷಿಸಿತು, ಮರುವರ್ಷ ರಾಜಿಯಾಯಿತು.

ಯಾವ ಅರ್ಥದಲ್ಲಿ ರಾಷ್ಟ್ರೀಯ ಎಂಬುದಕ್ಕೆ ನಾನು ಒಂದು ಅಪಘಾತದಿಂದ ಉತ್ತರಿಸುತ್ತೇನೆ. 1856ರ ಏಪ್ರಿಲಿನಲ್ಲಿ ಇಲಿನಾಯ್‌ನ ರಾಕ್ ಐಲೆಂಡಿನ ಬಳಿ ಮಿಸಿಸಿಪಿಯ ಮೇಲಿನ ಮೊದಲ ರೈಲು ಸೇತುವೆ ತೆರೆಯಿತು. ಮುಂದಿನ ತಿಂಗಳೇ ಎಫಿ ಆಫ್ಟನ್ ಎಂಬ ಉಗಿದೋಣಿ ಅದರ ಕಂಬಕ್ಕೆ ಬಡಿದು ಸುಟ್ಟುಹೋಯಿತು. ಸೇತುವೆ ನದಿಗೆ ಅಡ್ಡಿಯೆಂದು ದೋಣಿಯವರು ದಾವೆ ಹೂಡಿದರು. 1857ರಲ್ಲಿ ಷಿಕಾಗೊದ ವಿಚಾರಣೆಯಲ್ಲಿ ಸೇತುವೆಯ ಕಂಪನಿಯ ಪರವಾಗಿ ವಾದಿಸಿದವರಲ್ಲಿ ಒಬ್ಬರು ಅಬ್ರಹಾಂ ಲಿಂಕನ್. ಅವರು ಹುಡುಗನಾಗಿದ್ದಾಗ, 1828ರಲ್ಲಿಯೂ 1831ರಲ್ಲಿಯೂ, ಚಪ್ಪಟೆ ದೋಣಿಯಲ್ಲಿ ಸರಕು ತುಂಬಿಕೊಂಡು ನ್ಯೂ ಆರ್ಲಿಯನ್ಸಿಗೆ ಇಳಿದವರು. ನದಿಯ ಮೇಲೆ ದೋಣಿಗಿರುವಷ್ಟೇ ಹಕ್ಕು ನದಿಯನ್ನು ಅಡ್ಡ ದಾಟುವವರಿಗೂ ಇದೆಯೆಂಬುದು ಅವರ ವಾದವಾಗಿತ್ತು. ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ, ಸೇತುವೆ ಹಾಗೆಯೇ ನಿಂತಿತು. ನಿಮ್ಮ ಪ್ರಬಂಧಕ್ಕೆ ಬೇಕಾದ ಎರಡು ದಿಕ್ಕುಗಳೂ, ದಕ್ಷಿಣಕ್ಕೆ ಇಳಿಯುವ ನದಿಯೂ ಪೂರ್ವಕ್ಕೆ ಸಾಗುವ ಹಳಿಯೂ, ಈ ಮೊಕದ್ದಮೆಯಲ್ಲಿ ಎದುರುಬದುರಾಗಿ ನಿಂತಿವೆ.

1861ರಲ್ಲಿ ಯುದ್ಧ ಆರಂಭವಾಗಿ ಮಿಸಿಸಿಪಿಯ ಕೆಳದಾರಿ ಮುಚ್ಚಿದಾಗ ಆ ತ್ರಿಕೋನಕ್ಕೂ ಪರೀಕ್ಷೆಯಾಯಿತು. ದಕ್ಷಿಣವೇ ಪಶ್ಚಿಮದ ಮುಖ್ಯ ಗಿರಾಕಿಯಾಗಿದ್ದರೆ ಪಶ್ಚಿಮದ ರೈತ ಅಂದೇ ಮುಳುಗಬೇಕಿತ್ತು. ಮೊದಲ ವರ್ಷ ಕಷ್ಟವಾಯಿತು ನಿಜ. ಮೆಕ್ಕೆಜೋಳದ ಬೆಲೆ ಬಿದ್ದಿತು, ರೈಲು ಕಂಪನಿಗಳು ಸಮಯ ನೋಡಿ ಬಾಡಿಗೆ ಏರಿಸಿದವು. ಆದರೆ ಅದೇ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಬೆಳೆ ಕೈಕೊಟ್ಟಿದ್ದರಿಂದ ಪಶ್ಚಿಮದ ಗೋಧಿ ಸರೋವರ, ಕಾಲುವೆ, ರೈಲುಗಳ ಮೇಲೆ ನ್ಯೂಯಾರ್ಕಿಗೆ ಹರಿದು ಹಡಗು ಹತ್ತಿತು. ಷಿಕಾಗೊದ ಕಣಜಗಳಿಂದ ಹೊರಟ ಧಾನ್ಯ ಹೆಚ್ಚಿತೇ ಹೊರತು ತಗ್ಗಲಿಲ್ಲ. 1863ರ ಜುಲೈ 4ರಂದು, ಮಿಸಿಸಿಪಿಯ ದಡದಲ್ಲಿ ದಕ್ಷಿಣದವರ ಹಿಡಿತದಲ್ಲಿದ್ದ ವಿಕ್ಸ್‌ಬರ್ಗ್ ಶರಣಾಗಿ, ಅದೇ ತಿಂಗಳು ನದಿಯ ದಾರಿ ಪೂರ್ತಿ ಬಿಡುವಾಯಿತು. ಆದರೆ ಆ ಗೋಧಿ ಹಳೆಯ ದಾರಿಗೆ ಮರಳಲಿಲ್ಲ.